ಅಲುಗಾಡದ ರಿಕಾಪು: ಪ್ರಿನ್ಸೆಸ್ ಸ್ಟ್ರೀಟಿನಲ್ಲಿ ಕೊಂಡ ಕಿವಿಯ ಮಾದರಿಯ ಬಗ್ಗೆ

ಮುಂಬಯಿಯ ಮರೀನ್ ಲೈನ್ಸ್ ನಿಲ್ದಾಣದಲ್ಲಿ ಇಳಿದು ಪ್ರಿನ್ಸೆಸ್ ಸ್ಟ್ರೀಟಿನ ಕಡೆಗೆ ನಡೆದವರಿಗೆ ಅಲ್ಲಿನ ಅಂಗಡಿಗಳ ಪರಿಚಯ ಇದ್ದೇ ಇರುತ್ತದೆ. ಆಸ್ಪತ್ರೆಯ ಉಪಕರಣಗಳು, ಪ್ರಯೋಗಶಾಲೆಯ ಗಾಜಿನ ಸಾಮಾನುಗಳು, ರಾಸಾಯನಿಕಗಳ ಡಬ್ಬಗಳು, ಇವುಗಳ ನಡುವೆ ಒಂದೆರಡು ಕಡೆ ತೂಗುಹಾಕಿದ ಪ್ಲಾಸ್ಟಿಕ್ ಅಸ್ಥಿಪಂಜರ. ಅಂಥ ಒಂದು ಅಂಗಡಿಯಲ್ಲಿ ಕಳೆದ ಜೂನ್ ತಿಂಗಳಲ್ಲಿ ನಾನು ಮನುಷ್ಯನ ಕಿವಿಯ ಮಾದರಿಯೊಂದನ್ನು 2,350 ರೂಪಾಯಿ ಕೊಟ್ಟು ತಂದೆ. ಬಿಚ್ಚಿ ಜೋಡಿಸಬಹುದಾದ, ನಿಜವಾದ ಕಿವಿಗಿಂತ ಮೂರು ಪಟ್ಟು ದೊಡ್ಡದೆಂದು ಪೆಟ್ಟಿಗೆಯ ಮೇಲೆ ಬರೆದಿರುವ ಮಾದರಿ ಅದು. ನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದ ಮೇಲೆ, ಮುಲುಂಡಿನಲ್ಲಿ ನಮ್ಮ ಸೊಸೈಟಿಯ ಆಫೀಸು ಕೋಣೆಯಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತು ಮಕ್ಕಳಿಗೆ ಕನ್ನಡದಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಎಲ್ಲರೂ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೋಗುವ, ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡುವ, ಆಟದ ಬಯಲಿನಲ್ಲಿ ಮರಾಠಿಗೆ ಹೊರಳುವ ಮಕ್ಕಳು. ಅವರಿಗಾಗಿಯೇ ಕೊಂಡ ಈ ಮಾದರಿಯನ್ನು ಐದು ತಿಂಗಳು ಬಳಸಿದ ಮೇಲೆ ಬರೆಯುತ್ತಿದ್ದೇನೆ. ಶಾಲೆಗೋ ಮನೆಗೋ ಇಂಥದನ್ನು ಕೊಳ್ಳಬೇಕೆಂದಿರುವವರಿಗೆ ಉಪಯೋಗವಾಗಲಿ ಎಂಬುದು ನನ್ನ ಆಸೆ.

ಮೊದಲು ಅಂಗಡಿಯ ಮಾತು. ಅಂಗಡಿಯ ಹೆಸರು ಹೇಳುತ್ತಿಲ್ಲ, ಏಕೆಂದರೆ ಮಾದರಿಯನ್ನು ತಯಾರಿಸಿದವರು ಅವರಲ್ಲ, ಮತ್ತು ಇದೇ ಅಚ್ಚಿನ ಮಾದರಿ ಆ ಬೀದಿಯ ನಾಲ್ಕಾರು ಅಂಗಡಿಗಳಲ್ಲಿ ಬೇರೆ ಬೇರೆ ಪೆಟ್ಟಿಗೆಗಳಲ್ಲಿ ಸಿಗುತ್ತದೆ. ಮಾಲೀಕರು ಮೂರು ಮಾದರಿಗಳನ್ನು ಗಲ್ಲೆಯ ಮೇಲೆ ತಂದಿಟ್ಟು, ಒಂದೊಂದನ್ನೂ ಬಿಚ್ಚಿ ನೋಡಲು ಬಿಟ್ಟರು, ಅವಸರ ಮಾಡಲಿಲ್ಲ. ಥರ್ಮಾಕೋಲಿನ ನಡುವೆ ಗಟ್ಟಿಯಾಗಿ ಕೂರಿಸಿ ಕಟ್ಟಿಕೊಟ್ಟಿದ್ದರಿಂದ ದಾದರಿನಲ್ಲಿ ಗಾಡಿ ಬದಲಾಯಿಸಿ ಮುಲುಂಡಿಗೆ ತರುವವರೆಗೆ ಒಂದು ತುಣುಕೂ ಕಳಚಲಿಲ್ಲ. ಕಚ್ಚಾ ಚೀಟಿಯಲ್ಲ, ಪಕ್ಕಾ ಬಿಲ್ಲನ್ನೇ ಕೊಟ್ಟರು. ಸೇವೆಯ ವಿಷಯದಲ್ಲಿ ನನ್ನ ತಕರಾರೇನೂ ಇಲ್ಲ.

ಮಾದರಿ ಬಿಳಿಯ ಪೀಠದ ಮೇಲೆ ನಿಂತಿದೆ. ಹಾಲೆ, ಕಿವಿಯ ನಾಳ, ಅದರ ಸುತ್ತಲಿನ ಮೂಳೆ ಇವೆಲ್ಲ ಒಂದೇ ಗಟ್ಟಿ ಅಚ್ಚು. ಒಳಗಿನಿಂದ ಎರಡು ಭಾಗಗಳು ಹೊರಬರುತ್ತವೆ. ಒಂದರಲ್ಲಿ ಕಿವಿಯ ತಮಟೆ, ಅದಕ್ಕೆ ಅಂಟಿದ ಸುತ್ತಿಗೆ ಎಂಬ ಪುಟ್ಟ ಮೂಳೆ, ಸುತ್ತಿಗೆಗೆ ತಾಗಿದ ಅಡಿಗಲ್ಲು ಎಂಬ ಇನ್ನೊಂದು ಮೂಳೆ. ಇನ್ನೊಂದರಲ್ಲಿ ಒಳಕಿವಿಯ ಸುರುಳಿಯೂ ಮೂರು ಅರ್ಧವೃತ್ತದ ನಾಳಗಳೂ, ಜೊತೆಗೆ ಅವುಗಳ ಗೋಡೆಯ ಮೇಲೆ ನಿಂತ ರಿಕಾಪು ಎಂಬ ಮೂರನೆಯ ಮೂಳೆ. ಅಡಿಗಲ್ಲಿನ ಉದ್ದನೆಯ ಕಾಲಿನ ತುದಿಯಲ್ಲಿ ಒಂದು ಪುಟ್ಟ ಗೂಟವಿದೆ. ರಿಕಾಪಿನ ತಲೆಯಲ್ಲಿ ಅದಕ್ಕೆ ಸರಿಯಾದ ತೂತಿದೆ. ಎರಡು ಭಾಗಗಳು ಕೂಡುವುದು, ಬಿಚ್ಚಿಕೊಳ್ಳುವುದು ಅಲ್ಲಿಯೇ. ತಯಾರಕರು ತಿಳಿದೇ ಮಾಡಿದರೋ ಅನುಕೂಲಕ್ಕಾಗಿ ಮಾಡಿದರೋ, ಆಯ್ಕೆ ಮಾತ್ರ ತುಂಬ ಸರಿಯಾಗಿದೆ. ನಿಜವಾದ ಕಿವಿಯಲ್ಲೂ ಈ ಸರಪಳಿಯ ದುರ್ಬಲ ಕೊಂಡಿ ಅದೇ. ತಲೆಗೆ ಬಲವಾದ ಪೆಟ್ಟು ಬಿದ್ದಾಗ ಹೆಚ್ಚಾಗಿ ಕಳಚಿಕೊಳ್ಳುವುದು ಈ ಕೀಲು; ವರ್ಷಗಟ್ಟಲೆ ಕಿವಿ ಸೋರುತ್ತಿರುವವರಲ್ಲಿ ಮೊದಲು ಸವೆದುಹೋಗುವುದು ರಕ್ತದ ಪೂರೈಕೆ ಕಡಿಮೆಯಿರುವ ಅಡಿಗಲ್ಲಿನ ಆ ಉದ್ದನೆಯ ಕಾಲಿನ ತುದಿ.

ಹೆಸರುಗಳಿಂದಲೇ ಪಾಠ ಆರಂಭಿಸಿದೆ. ಮಕ್ಕಳ ಶಾಲೆಯ ಪುಸ್ತಕದಲ್ಲಿ ಮ್ಯಾಲಿಯಸ್, ಇಂಕಸ್, ಸ್ಟೇಪಿಸ್ ಎಂದಿದೆ; ಅವು ಬಾಯಿಪಾಠವಾಗಿದ್ದವು, ಅರ್ಥವಾಗಿರಲಿಲ್ಲ. ಸುತ್ತಿಗೆ ಎಂದಾಗ ತಕ್ಷಣ ಹೊಳೆಯಿತು. ಅಡಿಗಲ್ಲು ಎಂದರೆ ಕಮ್ಮಾರ ಕಾದ ಕಬ್ಬಿಣವನ್ನು ಇಟ್ಟು ಬಡಿಯುವುದು ಎಂದಾಗ ಒಬ್ಬಳು ಮರಾಠಿಯಲ್ಲಿ ‘ಐರಣ್’ ಎಂದಳು. ರಿಕಾಪು ಯಾರಿಗೂ ಗೊತ್ತಿರಲಿಲ್ಲ. ಮಾಥೇರಾನಿನಲ್ಲಿ ಕುದುರೆ ಹತ್ತುವಾಗ ಕಾಲಿಡುವ ಕಬ್ಬಿಣದ ಬಳೆಯನ್ನು ನೆನಪಿಸಿದೆ. ಆಗ ಅದೇ ಹುಡುಗಿ ‘ರಿಕೀಬ’ ಎಂದಳು, ಮತ್ತು ಕನ್ನಡದ ರಿಕಾಪೂ ಮರಾಠಿಯ ರಿಕೀಬವೂ ಪಾರಸಿಯ ಒಂದೇ ಮಾತಿನಿಂದ ಬಂದ ಒಡಹುಟ್ಟಿದವು ಎಂದು ನಾನು ಹೇಳಿದಾಗ ಅವಳ ಮುಖ ಅರಳಿತು. 1546ರಲ್ಲಿ ನೇಪಲ್ಸಿನಲ್ಲಿ ಇಂಗ್ರಾಸಿಯಾ ಎಂಬ ವೈದ್ಯ ಈ ಮೂಳೆಯನ್ನು ಮೊದಲು ಗುರುತಿಸಿದಾಗ ಅವನಿಗೆ ತೋರಿದ ಹೋಲಿಕೆಯೂ ಕುದುರೆಯ ರಿಕಾಪಿನದೇ. ಇಲ್ಲಿ ಮಾದರಿಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ರಿಕಾಪಿನ ಎರಡು ಕಾಲುಗಳ ಬಾಗು, ನಡುವಿನ ಕಿಂಡಿ, ಕೆಳಗಿನ ಮೊಟ್ಟೆಯಾಕಾರದ ಹಲಗೆ, ಇವುಗಳ ಅಚ್ಚು ಬಹಳ ಚೊಕ್ಕವಾಗಿದೆ. ಪುಸ್ತಕದ ಚಿತ್ರದಲ್ಲಿ ಎಂದೂ ಕಾಣದ ಅದರ ಹಿಂಬದಿಯನ್ನೂ ಬೆರಳು ಆಡಿಸಿ ತಿಳಿಯಬಹುದು. ನಿಜವಾದ ರಿಕಾಪು ಮೂರು ಮಿಲಿಮೀಟರಿಗಿಂತ ಸ್ವಲ್ಪವೇ ಎತ್ತರ, ತೂಕ ಸುಮಾರು ಮೂರು ಮಿಲಿಗ್ರಾಂ. ಒಂದು ಅಕ್ಕಿಕಾಳನ್ನು ಅಂಗೈಯಲ್ಲಿಟ್ಟುಕೊಂಡು, ಇದರ ತೂಕದಲ್ಲಿ ಆರೇಳು ರಿಕಾಪುಗಳಾಗುತ್ತವೆ ಎಂದೆ. ಹುಟ್ಟಿದ ಮಗುವಿನಲ್ಲೂ ದೊಡ್ಡವರಲ್ಲೂ ಈ ಮೂರು ಮೂಳೆಗಳ ಗಾತ್ರ ಹೆಚ್ಚುಕಡಿಮೆ ಒಂದೇ. ಅವು ಬೆಳೆಯುವ ಕೆಲಸವನ್ನು ಗರ್ಭದಲ್ಲಿಯೇ ಮುಗಿಸಿಕೊಂಡಿರುತ್ತವೆ.

ಮೊದಲ ದೋಷ ನನಗೆ ಸಿಕ್ಕಿದ್ದು ಎರಡನೆಯ ಭಾನುವಾರ, ವರ್ನಿಯರ್ ಕ್ಯಾಲಿಪರ್ಸ್ ಹಿಡಿದು ಅಳೆಯಲು ಕುಳಿತಾಗ. ಪೆಟ್ಟಿಗೆಯ ಮೇಲೆ ಮೂರು ಪಟ್ಟು ಎಂದಿದೆಯಷ್ಟೆ. ಕಿವಿಯ ನಾಳ 75 ಮಿ.ಮೀ. ಬಂತು, ನಿಜವಾದದ್ದು ಸುಮಾರು 25. ಸರಿಯಾಯಿತು. ತಮಟೆಯ ಅಡ್ಡಳತೆ 30 ಬಂತು. ನಿಜವಾದದ್ದು 9ರಿಂದ 10. ಅದೂ ಸರಿ. ರಿಕಾಪಿಗೆ ಬಂದಾಗ ಎತ್ತರ 21 ಮಿ.ಮೀ., ಅಂದರೆ ಆರು ಪಟ್ಟಿಗೂ ಹೆಚ್ಚು. ಹಲಗೆಯ ಉದ್ದ 16, ಅಗಲ 8. ಹಿಂದಿನ ಬೆಂಚಿನಲ್ಲಿ ಕುಳಿತವರಿಗೂ ಕಾಣಲಿ ಎಂದು ಸಣ್ಣ ಮೂಳೆಗಳನ್ನು ಬೇಕೆಂದೇ ದೊಡ್ಡದಾಗಿ ಮಾಡಿದ್ದಾರೆ. ಆ ಕಾರಣ ನನಗೆ ಅರ್ಥವಾಗುತ್ತದೆ. ಆದರೆ ಅದನ್ನು ಎಲ್ಲಿಯೂ ಬರೆದಿಲ್ಲ, ಮತ್ತು ಈ ಒಂದು ಸ್ವಾತಂತ್ರ್ಯದಿಂದ ಮಧ್ಯಕಿವಿಯ ಎಲ್ಲಕ್ಕಿಂತ ಮುಖ್ಯವಾದ ಲೆಕ್ಕ ಕೆಟ್ಟುಹೋಗಿದೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಕಿವಿಗೆ ಬರುವ ಶಬ್ದ ಗಾಳಿಯಲ್ಲಿದೆ. ಶಬ್ದವನ್ನು ಗ್ರಹಿಸುವ ಜೀವಕೋಶಗಳು ಒಳಕಿವಿಯ ದ್ರವದಲ್ಲಿವೆ. ಊರಿನ ಕೆರೆಯಲ್ಲಿ ಈಜಿದವರಿಗೆಲ್ಲ ಗೊತ್ತು, ತಲೆ ಮುಳುಗಿದ ಕೂಡಲೇ ದಡದ ಮೇಲೆ ಕೂಗುತ್ತಿರುವವರ ದನಿ ಅಡಗಿಬಿಡುತ್ತದೆ. ಗಾಳಿಯಿಂದ ಬಂದು ನೀರಿನ ಮೇಲೆ ಬಿದ್ದ ಶಬ್ದದ ಶಕ್ತಿಯಲ್ಲಿ ಸಾವಿರದಲ್ಲಿ ಒಂದು ಪಾಲು ಮಾತ್ರ ಒಳಗೆ ಇಳಿಯುತ್ತದೆ, ಉಳಿದದ್ದು ಹಿಂದಕ್ಕೆ ಚಿಮ್ಮುತ್ತದೆ. ಡೆಸಿಬೆಲ್ ಲೆಕ್ಕದಲ್ಲಿ ಅದು ಸುಮಾರು 30ರ ನಷ್ಟ. ಗಾಳಿ ಹಗುರ, ಸುಲಭವಾಗಿ ಹಿಗ್ಗಿ ಕುಗ್ಗುವಂಥದು. ದ್ರವ ಭಾರ, ಒತ್ತಿದರೂ ಕುಗ್ಗದಂಥದು. ಆದ್ದರಿಂದ ಗಾಳಿಯ ದೊಡ್ಡ ಆದರೆ ಬಲಹೀನವಾದ ಅಲುಗಾಟವನ್ನು ಸಣ್ಣ ಆದರೆ ಬಲವಾದ ಅಲುಗಾಟವಾಗಿ ಮಾರ್ಪಡಿಸಿಕೊಡುವ ಮಧ್ಯವರ್ತಿ ಬೇಕು. ಮೂರು ಮೂಳೆಗಳು ಇರುವುದೇ ಅದಕ್ಕೆ.

ಅವು ಅದನ್ನು ಮುಖ್ಯವಾಗಿ ಎರಡು ಬಗೆಯಲ್ಲಿ ಸಾಧಿಸುತ್ತವೆ. ತಮಟೆಯಲ್ಲಿ ನಿಜವಾಗಿ ಅದುರುವ ಪಾಲಿನ ವಿಸ್ತೀರ್ಣ ಸುಮಾರು 55 ಚದರ ಮಿ.ಮೀ.; ರಿಕಾಪಿನ ಹಲಗೆಯದು 3.2. ತಮಟೆಯ ಮೇಲೆ ಬಿದ್ದ ಬಲವೆಲ್ಲ ಅದರ ಹದಿನೇಳರಲ್ಲಿ ಒಂದು ಪಾಲಿನಷ್ಟಿರುವ ಹಲಗೆಯ ಮೇಲೆ ಸೇರುತ್ತದೆ. ಡ್ರಾಯಿಂಗ್ ಪಿನ್ನಿನ ಅಗಲವಾದ ತಲೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ಬೆರಳಿಗೆ ನೋವಾಗದೆ ಮೊನೆ ಮರದೊಳಗೆ ಇಳಿಯುವುದು ಇದೇ ನ್ಯಾಯದಿಂದ. ಎರಡನೆಯದು ಸನ್ನೆ. ಸುತ್ತಿಗೆಯ ಹಿಡಿ ಅಡಿಗಲ್ಲಿನ ಉದ್ದನೆಯ ಕಾಲಿಗಿಂತ ಸುಮಾರು 1.3 ಪಟ್ಟು ಉದ್ದವಾಗಿದೆ. ಎರಡೂ ಒಂದೇ ಅಕ್ಷದ ಸುತ್ತ ತಿರುಗುವುದರಿಂದ ಬಲವೂ ಅಷ್ಟು ಪಟ್ಟು ಹೆಚ್ಚುತ್ತದೆ. ನಮ್ಮ ಅಜ್ಜಿಯ ಅಡಕತ್ತರಿಯನ್ನು ಪೆಟ್ಟಿಗೆಯಿಂದ ತೆಗೆದು ಒಯ್ದಿದ್ದೆ. ಹಿಡಿಯ ತುದಿಯಲ್ಲಿ ಹಿಡಿದಾಗ ಅಡಿಕೆ ಹೋಳಾಗುತ್ತದೆ, ಅಲಗಿನ ಹತ್ತಿರ ಹಿಡಿದಾಗ ಆಗುವುದಿಲ್ಲ ಎಂಬುದನ್ನು ಮಕ್ಕಳು ತಾವೇ ಕತ್ತರಿಸಿ ನೋಡಿದರು. ಹದಿನೇಳನ್ನು 1.3ರಿಂದ ಗುಣಿಸಿದರೆ ಒತ್ತಡ ಇಪ್ಪತ್ತೆರಡು ಪಟ್ಟು, ಡೆಸಿಬೆಲ್‌ನಲ್ಲಿ 27ರಷ್ಟು. ಗಾಳಿ ಮತ್ತು ದ್ರವದ ಗಡಿಯಲ್ಲಿ ಕಳೆದುಹೋಗಬೇಕಾಗಿದ್ದ 30 ಡೆಸಿಬೆಲ್‌ಗಳಲ್ಲಿ ಬಹುಪಾಲು ಹೀಗೆ ಮರಳಿ ಸಿಗುತ್ತದೆ. ಇದು ಕಾಗದದ ಮೇಲಿನ ಲೆಕ್ಕ. ನಿಜವಾದ ಕಿವಿಯಲ್ಲಿ ಶಬ್ದದ ಸ್ಥಾಯಿಯನ್ನು ನೋಡಿಕೊಂಡು ಲಾಭ ಹೆಚ್ಚುಕಡಿಮೆಯಾಗುತ್ತದೆ, ಮಾತಿನ ದನಿಗಳು ಹೆಚ್ಚಾಗಿರುವ ಸಾವಿರ ಹರ್ಟ್ಜ್‌ನ ಆಸುಪಾಸಿನಲ್ಲಿ ಅದು ಚೆನ್ನಾಗಿರುತ್ತದೆ.

ಈಗ ಮಾದರಿಯ ಲೆಕ್ಕ ಹಾಕಿ. 30 ಮಿ.ಮೀ. ಅಡ್ಡಳತೆಯ ತಮಟೆಯ ವಿಸ್ತೀರ್ಣ ಸುಮಾರು 707 ಚದರ ಮಿ.ಮೀ.; 16ಕ್ಕೆ 8ರ ಮೊಟ್ಟೆಯಾಕಾರದ ಹಲಗೆಯದು ಸುಮಾರು 100. ಅನುಪಾತ ಏಳು. ತಮಟೆಯಲ್ಲಿ ಅದುರುವುದು ಮೂರರಲ್ಲಿ ಎರಡು ಪಾಲು ಮಾತ್ರ ಎಂದು ಹಿಡಿದರೆ ಐದೂ ಆಗುವುದಿಲ್ಲ. ಹದಿನೇಳು ಎಂದು ನಾನು ಕರಿಹಲಗೆಯ ಮೇಲೆ ಬರೆದದ್ದನ್ನು, ಅಳೆದು ಪರೀಕ್ಷಿಸಲು ಹೊರಟ ಮಕ್ಕಳಿಗೆ ಐದು ಸಿಕ್ಕಿತು. ಅಳತೆ ಮಾಡುವ ಅಭ್ಯಾಸವನ್ನು ಕಲಿಸಲೆಂದೇ ತಂದ ವಸ್ತು ಅಳೆದಾಗ ತಪ್ಪು ಹೇಳಿದರೆ ಕಲಿಸುವವರಿಗೆ ನೋವಾಗುತ್ತದೆ. ಮೂಳೆಗಳನ್ನು ಮೂರು ಪಟ್ಟಿನಲ್ಲೇ ಇಟ್ಟು, ಹತ್ತು ಪಟ್ಟಿನ ಇನ್ನೊಂದು ಜೊತೆಯನ್ನು ಬೇರೆಯಾಗಿ ಕೊಟ್ಟಿದ್ದರೆ ಸಾಕಿತ್ತು. ಇನ್ನೂರು ರೂಪಾಯಿ ಹೆಚ್ಚಾದರೂ ನಾನು ಕೊಡುತ್ತಿದ್ದೆ.

ಎರಡನೆಯ ದೋಷವನ್ನು ಕಂಡುಹಿಡಿದವನು ನಾನಲ್ಲ, ಆರನೆಯ ತರಗತಿಯ ಒಬ್ಬ ಹುಡುಗ. ಅವನು ತಮಟೆಯ ಭಾಗವನ್ನು ಜೋಡಿಸಿ, ಸುತ್ತಿಗೆಯ ಹಿಡಿಯನ್ನು ಬೆರಳಿನಿಂದ ಒಳಕ್ಕೆ ತಳ್ಳಿ ತಳ್ಳಿ ನೋಡಿದ. ‘ಟೀಚರ್, ರಿಕಾಪು ಅಲುಗಾಡುವುದೇ ಇಲ್ಲವಲ್ಲ, ಮತ್ತೆ ಶಬ್ದ ಒಳಗೆ ಹೋಗುವುದು ಹೇಗೆ?’ ಎಂದು ಕೇಳಿದ.

ಹೌದು, ಅಲುಗಾಡುವುದಿಲ್ಲ. ರಿಕಾಪಿನ ಹಲಗೆಯನ್ನು ಒಳಕಿವಿಯ ಅಂಡಾಕಾರದ ಕಿಟಕಿಗೆ ಗಟ್ಟಿಯಾದ ಅಂಟಿನಿಂದ ಕೂರಿಸಿಬಿಟ್ಟಿದ್ದಾರೆ. ತಯಾರಿಸುವವರಿಗೆ ಅದು ಅನುಕೂಲ, ಕಳೆದುಹೋಗುವ ಭಯವಿಲ್ಲ. ಆದರೆ ಜೀವಂತ ಕಿವಿಯಲ್ಲಿ ಹೀಗೆ ಆದರೆ ಅದಕ್ಕೆ ಓಟೋಸ್ಕ್ಲೆರೋಸಿಸ್ ಎಂಬ ರೋಗದ ಹೆಸರಿದೆ. ನಿಜವಾದ ರಿಕಾಪು ಕಿಟಕಿಯ ಅಂಚಿಗೆ ಮೃದುವಾದ ಉಂಗುರದಂಥ ಪಟ್ಟಿಯಿಂದ ಕಟ್ಟಿಕೊಂಡಿದ್ದು ಒಳಕ್ಕೂ ಹೊರಕ್ಕೂ ಆಡುತ್ತಿರುತ್ತದೆ. ಅತಿ ಮೆಲ್ಲನೆಯ ಶಬ್ದ ಕೇಳುವಾಗ ಆ ಆಟ ಒಂದು ಹೈಡ್ರೋಜನ್ ಪರಮಾಣುವಿನ ಅಡ್ಡಳತೆಗಿಂತಲೂ ಕಡಿಮೆ. ಕೆಲವರಲ್ಲಿ, ಗಂಡಸರಿಗಿಂತ ಹೆಚ್ಚಾಗಿ ಹೆಂಗಸರಲ್ಲಿ, ಎಷ್ಟೋ ಸಲ ವಂಶದಿಂದ ಬಂದು, ಆ ಅಂಚಿನಲ್ಲಿ ಹೊಸ ಮೂಳೆ ಬೆಳೆದು ರಿಕಾಪನ್ನು ಬಿಗಿದುಬಿಡುತ್ತದೆ. ತಮಟೆ ಸರಿಯಿದೆ, ನರ ಸರಿಯಿದೆ, ಆದರೆ ಶಬ್ದ ಬಾಗಿಲಿನಲ್ಲೇ ನಿಂತುಬಿಡುತ್ತದೆ.

ಆ ಹುಡುಗನ ಪ್ರಶ್ನೆಗೆ ನಾನು ಕೂಡಲೇ ಉತ್ತರಿಸಲಿಲ್ಲ, ಏಕೆಂದರೆ ನನ್ನ ಅಮ್ಮನಿಗೆ ಇದ್ದದ್ದು ಇದೇ ಕಾಯಿಲೆ. ಮೂವತ್ತರ ಆಸುಪಾಸಿನಲ್ಲಿ ಅವಳಿಗೆ ಕಿವಿ ಮಂದವಾಗತೊಡಗಿತು. ನಾವು ಆಗ ಘಾಟ್‌ಕೋಪರಿನ ಚಾಳಿನಲ್ಲಿದ್ದೆವು. ಅಲ್ಲಿ ನಲ್ಲಿಯ ನೀರು ಬೆಳಗಿನ ನಾಲ್ಕೂವರೆಗೆ ಬರುತ್ತಿತ್ತು. ಖಾಲಿ ಬಕೆಟ್ಟಿಗೆ ನೀರು ಬೀಳುವ ಸದ್ದೇ ಎಲ್ಲರಿಗೂ ಗಡಿಯಾರ. ಅಮ್ಮನಿಗೆ ಅದು ಕೇಳದೆ ಎಷ್ಟೋ ದಿನ ನೀರು ಹಿಡಿಯುವುದು ತಪ್ಪಿ, ಕೊನೆಗೆ ಪಕ್ಕದ ಮನೆಯವರು ಬಾಗಿಲು ಬಡಿದು ಎಬ್ಬಿಸುವ ರೂಢಿಯಾಯಿತು. ಅವಳ ದನಿ ಮಾತ್ರ ಯಾವಾಗಲೂ ಮೆಲ್ಲನೆಯದು. ಕಿವುಡರು ಜೋರಾಗಿ ಮಾತಾಡುತ್ತಾರೆ, ಇವಳು ಮೆಲ್ಲಗೆ ಮಾತಾಡುತ್ತಾಳೆ, ಆದ್ದರಿಂದ ಇವಳದು ಕಿವುಡಲ್ಲ, ಗಮನವಿಲ್ಲದಿರುವುದು ಅಷ್ಟೆ ಎಂದು ಮನೆಯ ಹಿರಿಯರು ತೀರ್ಮಾನಿಸಿದ್ದರು. ಇನ್ನೂ ವಿಚಿತ್ರವೆಂದರೆ, ಲೋಕಲ್ ಗಾಡಿಯಲ್ಲಿ, ಚಕ್ರಗಳ ಅಬ್ಬರದ ನಡುವೆ, ಹೆಂಗಸರ ಡಬ್ಬಿಯ ಗೆಳತಿಯರ ಮಾತು ಅವಳಿಗೆ ಚೆನ್ನಾಗಿ ಕೇಳುತ್ತಿತ್ತು. ಮನೆಯಲ್ಲಿ ಕೇಳದ್ದು ಗಾಡಿಯಲ್ಲಿ ಕೇಳುತ್ತದಂತೆ ಎಂದು ಅವಳನ್ನು ಎಷ್ಟು ಜನ ನೋಯಿಸಿದರೋ.

ಎರಡಕ್ಕೂ ಕಾರಣ ಆ ಬಿಗಿದ ರಿಕಾಪಿನಲ್ಲೇ ಇದೆ. ನಮ್ಮ ಸ್ವಂತ ದನಿ ನಮಗೆ ಗಾಳಿಯಿಂದ ಮಾತ್ರವಲ್ಲ, ದವಡೆ ಮತ್ತು ತಲೆಬುರುಡೆಯ ಮೂಳೆಯ ಮೂಲಕವೂ ನೇರವಾಗಿ ಒಳಕಿವಿಗೆ ತಲುಪುತ್ತದೆ. ಹೊರಗಿನ ಶಬ್ದ ತಡೆದುಹೋಗಿರುವಾಗ ಒಳಗಿನ ಈ ದನಿ ಇನ್ನೂ ದೊಡ್ಡದಾಗಿ ಕೇಳುತ್ತದೆ, ಹಾಗಾಗಿ ಅಂಥವರು ತಮಗರಿಯದೆ ದನಿ ತಗ್ಗಿಸುತ್ತಾರೆ. ನರದ ದೋಷದಿಂದ ಕಿವಿ ಮಂದವಾದವರು ಜೋರಾಗಿ ಮಾತಾಡುತ್ತಾರೆ, ಏಕೆಂದರೆ ಅವರಿಗೆ ತಮ್ಮ ದನಿಯೂ ಸರಿಯಾಗಿ ಕೇಳುವುದಿಲ್ಲ. ಗಾಡಿಯಲ್ಲಿ ಎಲ್ಲರೂ ಸದ್ದನ್ನು ಮೀರಿಸಲು ದನಿ ಏರಿಸುತ್ತಾರೆ. ಗಾಡಿಯ ಸದ್ದು ಅಮ್ಮನ ಕಿವಿಯ ಬಾಗಿಲಿನಲ್ಲಿ ಅಡಗಿಹೋಗುತ್ತಿತ್ತು, ಏರಿದ ಮಾತು ಮಾತ್ರ ಒಳಗೆ ಬರುವಷ್ಟು ದೊಡ್ಡದಾಗಿರುತ್ತಿತ್ತು. ಇದನ್ನು ಯಾರಾದರೂ ಹತ್ತು ವರ್ಷ ಮೊದಲೇ ನಮಗೆ ಹೇಳಿದ್ದರೆ ಎಂದು ಈಗಲೂ ಅನ್ನಿಸುತ್ತದೆ.

ಕೊನೆಗೆ ಹೇಳಿದವರು ಒಬ್ಬ ಕಿವಿಯ ವೈದ್ಯರು. ಶ್ರುತಿಕವೆಯನ್ನು, ಅಂದರೆ ಟ್ಯೂನಿಂಗ್ ಫೋರ್ಕನ್ನು, ತಟ್ಟಿ ಮೊದಲು ಅಮ್ಮನ ಕಿವಿಯ ಹಿಂದಿನ ಮೂಳೆಯ ಮೇಲೆ ಊರಿದರು, ಆಮೇಲೆ ಕಿವಿಯ ಮುಂದೆ ಹಿಡಿದರು. ಆರೋಗ್ಯವಾದ ಕಿವಿಗೆ ಮುಂದೆ ಹಿಡಿದದ್ದು ಹೆಚ್ಚು ಕೇಳಬೇಕು, ಏಕೆಂದರೆ ಮೂರು ಮೂಳೆಗಳು ತಮ್ಮ ಕೆಲಸ ಮಾಡುತ್ತಿರುತ್ತವೆ. ಅಮ್ಮನಿಗೆ ಹಿಂದೆ ಊರಿದ್ದೇ ಹೆಚ್ಚು ಕೇಳಿತು. 1855ರಲ್ಲಿ ರಿನ್ನೆ ಎಂಬ ಜರ್ಮನ್ ವೈದ್ಯ ವಿವರಿಸಿದ ಪರೀಕ್ಷೆ ಅದು; ಒಂದು ನಿಮಿಷವೂ ಬೇಕಾಗಲಿಲ್ಲ. ಆಮೇಲೆ ಶಸ್ತ್ರಚಿಕಿತ್ಸೆಯಾಯಿತು. 1956ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಜಾನ್ ಶೇ ಅವರು ಬಿಗಿದ ರಿಕಾಪನ್ನು ತೆಗೆದು ಅದರ ಜಾಗದಲ್ಲಿ ಟೆಫ್ಲಾನಿನ ಕೃತಕ ರಿಕಾಪನ್ನು ಇಟ್ಟ ಮೇಲೆ ಈ ಚಿಕಿತ್ಸೆ ಜಗತ್ತಿನ ಎಲ್ಲೆಡೆ ಹರಡಿತು. ಈಗ ಸಾಮಾನ್ಯವಾಗಿ ಹಲಗೆಯಲ್ಲಿ ಒಂದು ಪುಟ್ಟ ತೂತು ಕೊರೆದು, ಅರ್ಧ ಮಿಲಿಮೀಟರಿನ ಆಸುಪಾಸಿನ ದಪ್ಪದ, ನಾಲ್ಕೂವರೆ ಮಿಲಿಮೀಟರಿನಷ್ಟು ಉದ್ದದ ಪಿಸ್ಟನ್ನನ್ನು ಅಡಿಗಲ್ಲಿನ ಕಾಲಿಗೆ ಕೊಕ್ಕೆಹಾಕುತ್ತಾರೆ. ಅಮ್ಮನಿಗೆ ಕಿವಿಯ ಭಾಗವನ್ನಷ್ಟೇ ಮರಗಟ್ಟಿಸಿದ್ದರು, ಎಚ್ಚರವಿತ್ತು. ಮೇಜಿನ ಮೇಲೆ ಮಲಗಿರುವಾಗಲೇ ತಟ್ಟೆಯಲ್ಲಿ ಚಿಮುಟ ಇಟ್ಟ ಸದ್ದು ಟಣ್ಣೆಂದು ಕೇಳಿತಂತೆ. ನಾಲ್ಕು ದಿನ ತಲೆ ಸುತ್ತಿತು, ಏಕೆಂದರೆ ಸಮತೋಲದ ಅಂಗವೂ ಅದೇ ದ್ರವದ ಪಕ್ಕದಲ್ಲೇ ಇದೆ. ಮನೆಗೆ ಬಂದ ಎರಡನೆಯ ವಾರ, ಯಾರೂ ಬಾಗಿಲು ಬಡಿಯುವ ಮೊದಲೇ ಎದ್ದು, ಕತ್ತಲಲ್ಲಿ ನಲ್ಲಿಯ ಮುಂದೆ ನಿಂತಿದ್ದಳು. ಬಕೆಟ್ಟು ತುಂಬಿ ಹರಿಯುತ್ತಿತ್ತು, ನಿಲ್ಲಿಸಿರಲಿಲ್ಲ.

ಇದನ್ನೆಲ್ಲ ಆ ಭಾನುವಾರ ಮಕ್ಕಳಿಗೆ ಹೇಳಿದೆ. ಹೇಳಿದ ಮೇಲೆ, ಬಿಗಿದ ರಿಕಾಪಿನ ಮಾದರಿಯನ್ನು ಹಾಗೆಯೇ ಇಡಲು ಮನಸ್ಸಾಗಲಿಲ್ಲ. ತೆಳುವಾದ ಕಟರ್ ಬ್ಲೇಡಿನಿಂದ ಹಲಗೆಯ ಸುತ್ತ ಅಂಟನ್ನು ಮೆಲ್ಲಗೆ ಸೀಳಿ ರಿಕಾಪನ್ನು ಬಿಡಿಸಿದೆ. ಒಂದು ಗಂಟೆ ಹಿಡಿಯಿತು. ಒಂದು ಕಾಲು ಬಿರುಕು ಬಿಟ್ಟದ್ದರಿಂದ ಅದನ್ನು ಬೇರೆ ಅಂಟಿನಿಂದ ಸರಿಪಡಿಸಬೇಕಾಯಿತು. ಕಿಟಕಿಯಿರಬೇಕಾದ ಜಾಗದಲ್ಲಿ ತೂತೇ ಇರಲಿಲ್ಲ, ಬರೀ ತಗ್ಗು. ಅದನ್ನು ಬಿಸಿಮಾಡಿದ ಮೊಳೆಯಿಂದ ಕೊರೆದು, ಬಲೂನಿನ ರಬ್ಬರಿನ ತುಂಡನ್ನು ಬಿಗಿಯಾಗಿ ಎಳೆದು ಅಂಟಿಸಿ, ಅದರ ಮೇಲೆ ರಿಕಾಪನ್ನು ನಿಲ್ಲಿಸಿದೆ. ಈಗ ಸುತ್ತಿಗೆಯ ಹಿಡಿಯನ್ನು ಒತ್ತಿದರೆ ರಿಕಾಪು ಒಳಕ್ಕೆ ಹೋಗಿ, ಬಿಟ್ಟರೆ ಹಿಂದಕ್ಕೆ ಬರುತ್ತದೆ. ಪ್ರಶ್ನೆ ಕೇಳಿದ ಹುಡುಗ ಅದನ್ನು ಎಷ್ಟು ಸಲ ಒತ್ತಿ ನೋಡಿದನೋ ಲೆಕ್ಕವಿಲ್ಲ.

ಅದು ಸರಿಹೋದ ಮೇಲೆ ಇನ್ನೊಂದು ಕೊರತೆ ಎದ್ದು ಕಂಡಿತು. ಒಳಕಿವಿಗೆ ಎರಡು ಕಿಟಕಿಗಳಿವೆ. ರಿಕಾಪು ಕೂತಿರುವುದು ಒಂದರ ಮೇಲೆ. ಅದರ ಕೆಳಗಿರುವ ದುಂಡು ಕಿಟಕಿಗೆ ಒಂದು ತೆಳುವಾದ ಪೊರೆ ಮುಚ್ಚಿದೆ. ದ್ರವ ಕುಗ್ಗುವಂಥದಲ್ಲ, ಸುತ್ತಲೂ ಗಟ್ಟಿಮೂಳೆಯ ಗೋಡೆ. ಬಾಯಿವರೆಗೆ ಎಣ್ಣೆ ತುಂಬಿದ ಸೀಸೆಗೆ ಬಿರಡೆ ಹಾಕಲು ಹೋದರೆ ಬಿರಡೆ ಇಳಿಯದಿರುವಂತೆ, ಇನ್ನೊಂದು ಕಡೆ ಜಾಗ ಬಿಟ್ಟುಕೊಡುವ ಪೊರೆ ಇಲ್ಲದಿದ್ದರೆ ರಿಕಾಪು ಒಳಕ್ಕೆ ಹೋಗಲಾರದು. ಇದು ಒಳಕ್ಕೆ ಹೋದಾಗ ಅದು ಹೊರಕ್ಕೆ ಉಬ್ಬುತ್ತದೆ. ಈ ಕೊಡುಕೊಳ್ಳುವಿಕೆಯಿಂದಲೇ ಸುರುಳಿಯೊಳಗಿನ ದ್ರವದಲ್ಲಿ ಅಲೆ ಏಳುತ್ತದೆ. ಆ ಅಲೆ ಎರಡೂವರೆಗೂ ಹೆಚ್ಚು ಸುತ್ತಿರುವ ಸುರುಳಿಯ ಒಳಗಿನ ಸುಮಾರು 35 ಮಿ.ಮೀ. ಉದ್ದದ ಪೊರೆಯ ಮೇಲೆ ಸಾಗಿ, ತಾರಸ್ಥಾಯಿಯ ದನಿಗಳಿಗೆ ಬುಡದಲ್ಲೂ ಮಂದ್ರದವಕ್ಕೆ ತುದಿಯಲ್ಲೂ ಎತ್ತರ ಏರುತ್ತದೆ. ಇದನ್ನು ತೋರಿಸಿದ್ದಕ್ಕೇ ಬೇಕೇಶಿ ಎಂಬ ವಿಜ್ಞಾನಿಗೆ 1961ರಲ್ಲಿ ನೊಬೆಲ್ ಬಂತು. ಮಾದರಿಯಲ್ಲಿ ದುಂಡು ಕಿಟಕಿ ಎಂದರೆ ಒಂದು ನೀಲಿ ಚುಕ್ಕೆ. ಅದಕ್ಕೂ ಮುಂದೊಮ್ಮೆ ರಬ್ಬರು ಹಾಕಬೇಕೆಂದಿದ್ದೇನೆ.

ಸಣ್ಣ ಸ್ನಾಯುಗಳೆರಡೂ ಮಾದರಿಯಲ್ಲಿಲ್ಲ. ಒಂದು ಸುತ್ತಿಗೆಯನ್ನೂ ಇನ್ನೊಂದು ರಿಕಾಪನ್ನೂ ಹಿಡಿದೆಳೆಯುವಂಥವು. ರಿಕಾಪಿನದು ದೇಹದ ಅಸ್ಥಿಸ್ನಾಯುಗಳಲ್ಲೆಲ್ಲ ಸಣ್ಣದು. ದೊಡ್ಡ ಸದ್ದು ಬಂದಾಗ ಅದು ಬಿಗಿದು ಸರಪಳಿಯನ್ನು ಸ್ವಲ್ಪ ಗಡುಸು ಮಾಡುತ್ತದೆ, ಆದರೆ ಬಿಗಿಯುವಷ್ಟರಲ್ಲಿ ಕ್ಷಣದ ಒಂದು ಪಾಲು ಕಳೆದಿರುತ್ತದೆ. ಆದ್ದರಿಂದ ಕಿವಿಯ ಬಳಿ ಸಿಡಿದ ಪಟಾಕಿಯಿಂದ ಅದು ಕಾಪಾಡಲಾರದು. ದೀಪಾವಳಿಯ ಹಿಂದಿನ ಭಾನುವಾರ ಇದನ್ನು ಹೇಳುವಾಗ ಬರಿಗೈಯಲ್ಲಿ ವಿವರಿಸಬೇಕಾಯಿತು. ಒಂದು ಎಳೆ ಕೆಂಪು ದಾರವನ್ನಾದರೂ ಅಂಟಿಸಿಕೊಟ್ಟಿದ್ದರೆ ಆಗುತ್ತಿತ್ತು.

ಮೂಗಿನ ಹಿಂಭಾಗಕ್ಕೆ ಇಳಿಯುವ ಯುಸ್ಟೇಶಿಯನ್ ನಾಳವನ್ನು ಮಾತ್ರ ಬಹಳ ಚೆನ್ನಾಗಿ ಮಾಡಿದ್ದಾರೆ. ಪೀಠಕ್ಕೆ ಹೊಂದಿಸಲು ಅರ್ಧಕ್ಕೆ ಕತ್ತರಿಸಿದ್ದರೂ ಅದರ ಇಳಿಜಾರು, ನಡುವಿನ ಸೊಂಟ ಎರಡೂ ಸರಿಯಾಗಿವೆ. ಪುಣೆಗೆ ಹೋಗುವಾಗ ಖಂಡಾಲದ ಘಾಟಿಯಲ್ಲಿ ಕಿವಿ ಮುಚ್ಚಿಕೊಂಡು, ಎಂಜಲು ನುಂಗಿದಾಗ ಟಕ್ಕೆಂದು ತೆರೆದುಕೊಳ್ಳುವುದು ಎಲ್ಲ ಮಕ್ಕಳಿಗೂ ಗೊತ್ತಿತ್ತು. ತಮಟೆಯ ಎರಡೂ ಕಡೆ ಗಾಳಿಯ ಒತ್ತಡ ಸಮನಾಗಿಲ್ಲದಿದ್ದರೆ ಅದು ಒಂದು ಕಡೆಗೆ ಉಬ್ಬಿ ಬಿಗಿಯಾಗುತ್ತದೆ, ಬಿಗಿದ ತಮಟೆ ಮೂಳೆಗಳನ್ನು ಸರಿಯಾಗಿ ಆಡಿಸಲಾರದು ಎಂಬುದನ್ನು ಈ ನಾಳವನ್ನು ಮುಟ್ಟಿ ತೋರಿಸಿದಾಗ ಒಂದೇ ಸಲಕ್ಕೆ ತಿಳಿಯಿತು. ಚಿಕ್ಕ ಮಕ್ಕಳಲ್ಲಿ ಇದೇ ನಾಳ ಗಿಡ್ಡವಾಗಿ, ಹೆಚ್ಚು ಅಡ್ಡಡ್ಡವಾಗಿ ಇರುವುದರಿಂದ ನೆಗಡಿಯ ಸೋಂಕು ಮಧ್ಯಕಿವಿಗೆ ಸುಲಭವಾಗಿ ಏರುತ್ತದೆ.

ಜೊತೆಗೆ ಕೊಟ್ಟ ವಿವರಣೆಯ ಹಾಳೆಯಲ್ಲಿ ಸುತ್ತಿಗೆಯ ಅಂಕಿ ಅಡಿಗಲ್ಲಿಗೂ ಅಡಿಗಲ್ಲಿನದು ಸುತ್ತಿಗೆಗೂ ಅದಲುಬದಲಾಗಿದೆ. ಪೆನ್ನಿನಿಂದ ತಿದ್ದಿಕೊಳ್ಳಿ. ಬಣ್ಣ ಐದು ತಿಂಗಳಲ್ಲಿ ಮಾಸಿಲ್ಲ, ಗೂಟ ಸವೆದಿಲ್ಲ.

ಎರಡು ಸಾವಿರದ ಮುನ್ನೂರೈವತ್ತು ರೂಪಾಯಿಗೆ ಇದು ಯೋಗ್ಯವೇ? ಆಕಾರವನ್ನು, ಜಾಗವನ್ನು, ಒಂದಕ್ಕೊಂದು ತಾಗಿರುವ ರೀತಿಯನ್ನು ತೋರಿಸಲು ಖಂಡಿತ ಯೋಗ್ಯ. ನೂರು ಚಿತ್ರಗಳು ಮಾಡದ ಕೆಲಸವನ್ನು ಕೈಗೆ ಸಿಕ್ಕ ಆ ರಿಕಾಪು ಮಾಡುತ್ತದೆ. ಕೇಳುವಿಕೆ ಎಂದರೆ ಚಲನೆ ಎಂಬುದನ್ನು ತೋರಿಸಬೇಕಾದವರು ಇದನ್ನು ಕೊಂಡ ದಿನವೇ ಬ್ಲೇಡನ್ನೂ ಬಲೂನನ್ನೂ ಹತ್ತಿರ ಇಟ್ಟುಕೊಳ್ಳಬೇಕು, ಮತ್ತು ಅನುಪಾತದ ಲೆಕ್ಕವನ್ನು ಮಾದರಿಯಿಂದ ಅಳೆಯದೆ ಕಾಗದದಲ್ಲೇ ಮಾಡಿಸಬೇಕು. ಅಂಗಡಿಯಲ್ಲಿಯೇ ರಿಕಾಪನ್ನು ಉಗುರಿನಿಂದ ಮೆಲ್ಲಗೆ ತಳ್ಳಿ ನೋಡಿ. ಬೇರೆ ಅಚ್ಚಿನದು ಸಿಕ್ಕಿ ಅದರಲ್ಲಿ ಅದು ಆಡುತ್ತಿದ್ದರೆ, ಬೆಲೆ ಸ್ವಲ್ಪ ಹೆಚ್ಚಿದ್ದರೂ ಅದನ್ನೇ ತನ್ನಿ.

ಕಳೆದ ವಾರ ಆ ಬೀದಿಗೆ ಮತ್ತೆ ಹೋಗಿದ್ದಾಗ ಬಿಡಿಸಿದ ಒಳಕಿವಿಯ ಭಾಗವನ್ನು ಚೀಲದಲ್ಲಿ ಒಯ್ದು ಮಾಲೀಕರಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು, ರಬ್ಬರಿನ ಮೇಲೆ ರಿಕಾಪು ಒಳಕ್ಕೂ ಹೊರಕ್ಕೂ ಆಡುವುದನ್ನು ಎರಡು ಮೂರು ಸಲ ಒತ್ತಿ ನೋಡಿ, 16 ಮತ್ತು 8 ಎಂಬ ಅಳತೆಗಳನ್ನೂ ಅದಲುಬದಲಾದ ಅಂಕಿಗಳನ್ನೂ ಬಿಲ್ ಪುಸ್ತಕದ ಹಿಂದೆ ಬರೆದುಕೊಂಡು, ತಯಾರಕರಿಗೆ ತಿಳಿಸುವುದಾಗಿ ಹೇಳಿದರು.